ಗೆರೆಯಪ್ಪನ ತಲೆಯೊಳಗಿನ ಚಿತ್ರ

ಬೆಳಗ್ಗೆ ಎದ್ದಾಗ ಗೆರೆಯಪ್ಪನ ತಲೆ ನೋಯುತ್ತಿರಲಿಲ್ಲ. ಆ ದಿನದ ತೊಂದರೆಗಳೆಲ್ಲ ಶುರುವಾದದ್ದು ಅಲ್ಲಿಂದಲೇ.

ಹಾಸಿಗೆಯಲ್ಲಿದ್ದಂತೆಯೇ ಅವನು ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ನೋಡಿದ, ಕೊಡದಲ್ಲಿ ನೀರು ಉಳಿದಿದೆಯೋ ಎಂದು ಅಲುಗಿಸಿ ನೋಡುವವರ ಹಾಗೆ. ಏನೂ ತುಳುಕಲಿಲ್ಲ. ಎಡಗಣ್ಣಿನ ಮೇಲಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ. ಅಲ್ಲೂ ಏನಿಲ್ಲ. ಕಿಟಕಿಯ ಬೆಳಕನ್ನು ದಿಟ್ಟಿಸಿದ; ಅದು ತನ್ನ ಪಾಡಿಗೆ ತಾನು ಬೆಳಗುತ್ತಿತ್ತೇ ಹೊರತು ಕಣ್ಣಿಗೆ ಚುಚ್ಚಲಿಲ್ಲ. ಇಷ್ಟು ಹಗುರವಾದ ತಲೆ ಅವನಿಗೆ ಎಷ್ಟೋ ಕಾಲದಿಂದ ಸಿಕ್ಕಿರಲಿಲ್ಲ. ಅವನ ಮುಖ ಬಾಡಿಹೋಯಿತು.

"ಬಂತಾ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಇಲ್ಲ."

"ಬೇಡದ ದಿನ ಹೇಳದೆ ಕೇಳದೆ ಬರತ್ತೆ. ಇವತ್ತು ಅಣ್ಣನ ಮುಂದೆ ಹೇಗೆ ಮುಖ ತೋರಿಸ್ತೀರೋ ನನಗಂತೂ ಗೊತ್ತಾಗಲ್ಲ," ಎಂದು ಅವಳು ಒಳಗೆ ಹೋದಳು.

ಗೆರೆಯಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಕೊಟ್ಟ ಹೆಸರು. ಊರಾಚೆಯ ಮರದ ಮಿಲ್ಲಿನಲ್ಲಿ, ಕೊಯ್ಯುವುದಕ್ಕೆ ಮೊದಲು ದಿಮ್ಮಿಗಳ ಮೇಲೆ ಗೆರೆ ಹಾಕುವವನು ಅವನು. ಲಾರಿಯಿಂದ ಇಳಿದ ದಿಮ್ಮಿಯನ್ನು ಒಂದು ಸುತ್ತು ನಡೆದು ನೋಡುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಗಂಟು ಎಲ್ಲಿದೆ, ಬಿರುಕು ಎತ್ತ ಓಡುತ್ತದೆ, ಹೇಗೆ ಸೀಳಿದರೆ ಹಲಗೆ ಮುಂದೆ ಸೊಟ್ಟಗಾಗುವುದಿಲ್ಲ ಎಂಬುದನ್ನೆಲ್ಲ ಮನಸ್ಸಿನಲ್ಲೇ ತೂಗಿ ನೋಡಿ, ಸುಣ್ಣ ಮೆತ್ತಿದ ದಾರವನ್ನು ಎರಡು ತುದಿಗೂ ಬಿಗಿದು ಒಮ್ಮೆ ಮೀಟಿದನೆಂದರೆ ನೇರವಾದ ಬಿಳಿ ಗೆರೆಯೊಂದು ಮರದ ಮೈಮೇಲೆ ಬೀಳುತ್ತಿತ್ತು. ಆ ಗೆರೆಯ ವಿಷಯದಲ್ಲಿ ಮಿಲ್ಲಿನಲ್ಲಿ ಯಾರೂ ಎರಡನೆಯ ಮಾತಾಡುತ್ತಿರಲಿಲ್ಲ.

ಅರೆತಲೆನೋವು ಬಂದ ದಿನ ಮಾತ್ರ ಅವನು ಯಾವ ಕೆಲಸಕ್ಕೂ ಬಾರದವನಾಗುತ್ತಿದ್ದ. ಮೊದಲು ಎಡಗಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಒಂದು ಬೆಳಕು ಮಿನುಗಿ, ಮೆಲ್ಲಮೆಲ್ಲಗೆ ದೊಡ್ಡದಾಗುತ್ತಿತ್ತು. ಅದು ಹರಡಿದಷ್ಟೂ ಎದುರಿನ ದಿಮ್ಮಿ ಅರ್ಧ ಮಾಯವಾಗುತ್ತಿತ್ತು. ಆಮೇಲೆ ನೋವು. ತಲೆಯ ಒಂದೇ ಪಕ್ಕಕ್ಕೆ ಯಾರೋ ಉಳಿ ಇಟ್ಟು, ಅವಸರವಿಲ್ಲದೆ, ಸಂಬಳಕ್ಕೆ ಕೂತವರ ಹಾಗೆ ಬಡಿಯುತ್ತಲೇ ಇರುತ್ತಿದ್ದರು. ಹೊಟ್ಟೆ ತೊಳಸಿ, ಬೆಳಕು ಸದ್ದು ಎರಡೂ ಬೇಡವಾಗಿ, ಅವನು ಮರದ ಪುಡಿ ತುಂಬುವ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಬಿದ್ದುಕೊಳ್ಳುತ್ತಿದ್ದ.

ಹೊರಗೆ ನಿಂತವರಿಗೆ ಕಾಣುತ್ತಿದ್ದುದು ಬೇರೆ. ಕೈಕಾಲು ನೆಟ್ಟಗಿರುವ ಒಬ್ಬ ಗಂಡಸು ಹಾಡಹಗಲಲ್ಲಿ ಮೆತ್ತನೆಯ ಪುಡಿಯ ಮೇಲೆ ಮಲಗಿದ್ದಾನೆ, ಅಷ್ಟೇ. ಗರಗಸ ನಡೆಸುವವನಿಗೆ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಅವನು ಕೂತಲ್ಲಿಗೆ ಚಹಾ ಬರುತ್ತಿತ್ತು. ಇಲ್ಲದ ಬೆರಳು ಎಲ್ಲರಿಗೂ ಕಾಣುತ್ತಿತ್ತು, ಇರುವ ನೋವು ಯಾರಿಗೂ ಕಾಣುತ್ತಿರಲಿಲ್ಲ.

ಯಾರಿಗೂ ಎಂದರೆ ಮುಖ್ಯವಾಗಿ ಮೇಸ್ತ್ರಿಗೆ. ಮೇಸ್ತ್ರಿ ಮಿಲ್ಲಿನ ಆಳುಗಳಿಗೆಲ್ಲ ಮೇಲಾಳು, ಜೊತೆಗೆ ಗೆರೆಯಪ್ಪನ ಹೆಂಡತಿಯ ಅಣ್ಣ. ಹೀಗಾಗಿ ಮಿಲ್ಲಿನಲ್ಲಿ ಬೈಸಿಕೊಂಡದ್ದು ಗೆರೆಯಪ್ಪನಿಗಿಂತ ಮೊದಲೇ ಮನೆ ಸೇರುತ್ತಿತ್ತು. ದೊಡ್ಡ ಗರಗಸದ ಪಕ್ಕ ನಿಂತು, ಅದರ ಸದ್ದನ್ನೂ ಮೀರಿ ಕೂಗುತ್ತ ಕೂದಲು ನರೆಸಿಕೊಂಡ ಆಸಾಮಿ. ಹುಟ್ಟಿದಾರಭ್ಯ ಒಂದು ದಿನವೂ ತಲೆ ನೋಯದ ಹೆಮ್ಮೆ ಅವನಿಗೆ. "ತಲೆ ಅನ್ನೋದು ಟೋಪಿ ಇಡೋಕೆ ಇರೋದು ಕಣಯ್ಯ, ನೋಯೋಕಲ್ಲ," ಎನ್ನುತ್ತಿದ್ದ. ಹೆಂಡತಿಯ ಸ್ಥಿತಿ ನಡುವಿನದು. ಅಣ್ಣ ಸುಳ್ಳು ಹೇಳುವವನಲ್ಲ, ಗಂಡ ಸುಳ್ಳು ಹೇಳಿದ್ದನ್ನು ಅವಳು ಕಂಡಿಲ್ಲ. ಆದ್ದರಿಂದ ಗಂಡನ ಹಣೆಗೆ ಒದ್ದೆ ಬಟ್ಟೆಯನ್ನೂ ಹಾಕುತ್ತಿದ್ದಳು, ಹಾಕುವಾಗ ಅವನಿಗೆ ಕೇಳಿಸುವಂತೆ ನಿಟ್ಟುಸಿರನ್ನೂ ಬಿಡುತ್ತಿದ್ದಳು.

ಕೊನೆಗೆ ವಿಷಯ ಮಿಲ್ಲಿನ ಯಜಮಾನರ ಕಿವಿಗೆ ಬಿತ್ತು. ಅವರು ಕೆಟ್ಟವರಲ್ಲ, ಆದರೆ ಕಣ್ಣಳತೆಗೆ ಸಿಕ್ಕದ ಯಾವುದನ್ನೂ ನಂಬಿ ಅಭ್ಯಾಸವಿಲ್ಲದವರು. ರೋಗ ಇದೆಯೆಂದು ಆಸ್ಪತ್ರೆಯವರು ಕಣ್ಣಿಗೆ ತೋರಿಸಿದರೆ, ಬಂದ ದಿನ ಮಲಗಲಿ, ದಿಮ್ಮಿ ಕಾಯುತ್ತದೆ, ಯಾರೂ ಸೊಲ್ಲೆತ್ತಬಾರದು. ತೋರಿಸದಿದ್ದರೆ ಗೆರೆ ಹಾಕುವ ಕೆಲಸ ಬೇರೆಯವರಿಗೆ, ಗೆರೆಯಪ್ಪ ದೊಡ್ಡ ಗರಗಸದ ಬಾಯಿಗೆ ಮರ ನೂಕಲಿ. ಇದು ಅವರ ತೀರ್ಮಾನ. ಆ ಸದ್ದಿನಲ್ಲಿ ದಿನವಿಡೀ ನಿಂತರೆ ತನ್ನ ತಲೆಯ ಗತಿ ಏನೆಂದು ಗೆರೆಯಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಅರೆತಲೆನೋವಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ಸೂಜಿಯಿಲ್ಲ, ಕತ್ತಿಯಿಲ್ಲ, ಮೈಯೊಳಗೆ ಏನನ್ನೂ ತೂರಿಸುವುದಿಲ್ಲ; ಅಯಸ್ಕಾಂತದ ಒಂದು ಯಂತ್ರದೊಳಗೆ ಮಲಗಿಸಿ ತಲೆಯ ರಕ್ತನಾಳಗಳ ಚಿತ್ರವನ್ನು ಹೊರಗಿನಿಂದಲೇ ತೆಗೆಯುವುದು. ನೋವಿಲ್ಲದ ದಿನ ಒಂದು ಚಿತ್ರ, ನೋವಿರುವಾಗ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನಾಳಗಳು ಹಿಗ್ಗಿವೆಯೋ ಎಂದು ಅಳೆಯುವುದು. ಇದನ್ನು ಕೇಳಿದ ದಿನ ಗೆರೆಯಪ್ಪನಿಗೆ ಕಣ್ಣಲ್ಲಿ ನೀರು ಬಂದಿತ್ತು. ತನ್ನ ನೋವಿಗೂ ಒಂದು ಅಗಲ ಇದೆ, ಅದರ ಮೇಲೂ ದಾರ ಹಿಡಿಯಬಹುದು ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

ನೋವಿಲ್ಲದ ದಿನದ ಚಿತ್ರ ಸುಲಭವಾಗಿ ಆಯಿತು. ಕಷ್ಟವಾದದ್ದು ಇನ್ನೊಂದು. ಸಂಶೋಧನೆಗೆ ಯಂತ್ರ ಸಿಗುವುದು ವಾರಕ್ಕೊಂದು ಮಧ್ಯಾಹ್ನ. ಆ ದಿನ ತಲೆ ಹೂವಿನ ಹಾಗೆ, ಮರುದಿನ ಸಿಡಿದು ಹೋಳಾಗುವ ಹಾಗೆ. ಹೀಗೇ ವಾರಗಳು ಕಳೆದು, ಸಂಶೋಧನೆಯ ಸರದಿ ಇವತ್ತಿಗೆ ಮುಗಿಯುವುದಿತ್ತು. ಅದೂ ಅಲ್ಲದೆ ಹೋಲಿಸಿ ನೋಡಲು ಎಂದೂ ತಲೆನೋವು ಕಾಣದ, ಇದೇ ವಯಸ್ಸಿನ, ಇಂಥದೇ ಕೆಲಸದ ಒಬ್ಬರು ಬೇಕೆಂದು ಡಾಕ್ಟರಮ್ಮ ಕೇಳಿದ್ದರು. ಅದಕ್ಕೆ ಮೇಸ್ತ್ರಿಗಿಂತ ಯೋಗ್ಯ ಇನ್ನಾರು? ಅವನೇ ಹೋಗಿ ಕಣ್ಣಾರೆ ನೋಡಿ ಬರಲಿ ಎಂದು ಯಜಮಾನರೂ ಹೇಳಿಬಿಟ್ಟರು.

ಹಾಗಾಗಿ ಆ ಬೆಳಗ್ಗೆ ಓಣಿಯ ಎಲ್ಲರೂ ಗೆರೆಯಪ್ಪನಿಗೆ ತಲೆನೋವು ತರಿಸುವ ಕೆಲಸಕ್ಕೆ ನಿಂತರು.

ತಿಂಡಿ ತಿನ್ನಬಾರದು ಎಂಬುದು ಹೆಂಡತಿಯ ಯೋಚನೆ. ಹಸಿವಿಗೆ ತಲೆ ನೋಯುವುದನ್ನು ಅವಳು ಕಂಡಿದ್ದಳು. ಪಕ್ಕದ ಮನೆಯ ದರ್ಜಿ, ಗಂಟೆಗಟ್ಟಲೆ ಸೂಜಿಗೆ ದಾರ ಪೋಣಿಸಿದರೆ ತನಗೆ ತಲೆ ಬಿಗಿಯುತ್ತದೆಂದು ಹೇಳಿ, ಡಬ್ಬಿ ತುಂಬ ಸೂಜಿ ತಂದು ಎದುರಿಗಿಟ್ಟ. ಗೆರೆ ಹಾಕಿ ಪಳಗಿದ ಕೈ. ಗೆರೆಯಪ್ಪ ಡಬ್ಬಿಯನ್ನು ಖಾಲಿ ಮಾಡಿದ, ತಲೆ ಬಿಗಿಯಲಿಲ್ಲ. ದರ್ಜಿಯ ವಾರದ ಕೆಲಸ ಹಗುರಾಯಿತು. ದರ್ಜಿಯ ಹೆಂಡತಿ ತನ್ನ ಅತ್ತರಿನ ಶೀಶೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಬೇರೆ ದಿನವಾಗಿದ್ದರೆ ಆ ವಾಸನೆ ಓಣಿಯ ತುದಿಯಿಂದಲೇ ಅವನನ್ನು ಕೆಡವುತ್ತಿತ್ತು. ಇವತ್ತು ಅದು ಯಾವ ಹೂವಿನದೆಂದು ಕೇಳಬೇಕೆನಿಸಿತು. ಟೋಪಿಯಿಲ್ಲದೆ ತಗಡಿನ ಮಾಡಿನ ಎದುರು ಬಿಸಿಲಲ್ಲಿ ನಿಂತ. ಬೆವರಿದನೇ ಹೊರತು ಬೇರೇನಾಗಲಿಲ್ಲ.

ಕೊನೆಯ ಉಪಾಯವೆಂದು ಮೇಸ್ತ್ರಿ ಅವನನ್ನು ಮಿಲ್ಲಿಗೆ ಕರೆದೊಯ್ದು ದೊಡ್ಡ ಗರಗಸದ ಪಕ್ಕ ಸ್ಟೂಲು ಹಾಕಿ ಕೂರಿಸಿದ. ಗರಗಸದವನು, ಪಾಪ, ಒಳ್ಳೆಯ ಮನುಷ್ಯ, ಗಂಟುಗಂಟಾದ ಮರಗಳನ್ನೇ ಹುಡುಕಿ ಹುಡುಕಿ ಕೊಯ್ದ. ಪ್ರತಿ ಸೀಳು ಮುಗಿದಾಗಲೂ ಎಲ್ಲರೂ ಗೆರೆಯಪ್ಪನ ಮುಖ ನೋಡುತ್ತಿದ್ದರು. ಅವನು ನಾಚಿಕೆಯಿಂದ ತಲೆ ಅಲ್ಲಾಡಿಸುತ್ತಿದ್ದ. ಅವನಿಗೆ ಅವತ್ತು ತಲೆಯಲ್ಲಿ ಆಗುತ್ತಿದ್ದುದು ಏನೆಂದರೆ ಸುಖ. ಹೊಸದಾಗಿ ಕೊಯ್ದ ಮರದ ಕಂಪು, ಮಾಡಿನ ಸಂದಿಯಿಂದ ಇಳಿದ ಬಿಸಿಲಕೋಲಿನಲ್ಲಿ ತೇಲುವ ಪುಡಿ, ಇವೆಲ್ಲ ಎಷ್ಟು ಚೆನ್ನಾಗಿವೆ ಎಂದು ನೋಡಲು ಅವನಿಗೆ ಬಿಡುವೇ ಸಿಕ್ಕಿರಲಿಲ್ಲ. ನೋವಿಲ್ಲದ ದಿನಗಳನ್ನೆಲ್ಲ ಅವನು ನೋವು ಯಾವಾಗ ಬರುವುದೋ ಎಂದು ಕಾಯುತ್ತ ಕಳೆದಿದ್ದ. ಇವತ್ತೂ ಕಾಯುತ್ತಲೇ ಇದ್ದ, ಆದರೆ ಕೈಮುಗಿದು.

"ಇಷ್ಟು ಸದ್ದಿಗೂ ಬರದೆ ಇರೋದು, ಬೇರೆ ದಿನ ಹಲಗೆ ಬಿದ್ದರೆ ಬರತ್ತಲ್ಲ," ಎಂದ ಮೇಸ್ತ್ರಿ. "ನಾನೇನೂ ಹೇಳಲ್ಲಪ್ಪ. ಬಸ್ಸಿಗೆ ಹೊತ್ತಾಯ್ತು."

ಆಸ್ಪತ್ರೆಯಲ್ಲಿ ಮೇಸ್ತ್ರಿಯ ಸರದಿ ಮೊದಲು ಬಂತು. ಒಳಗೆ ಅಯಸ್ಕಾಂತ ಇರುವುದರಿಂದ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕೆಂದು ಯಂತ್ರ ನಡೆಸುವವನು ಹೇಳಿದ. ಮೇಸ್ತ್ರಿ ಬೀಗದಕೈ ಗೊಂಚಲು ತೆಗೆದಿಟ್ಟ, ಬೆಲ್ಟು ತೆಗೆದಿಟ್ಟ, ಅಳತೆ ಟೇಪು ತೆಗೆದಿಟ್ಟ. ಆಮೇಲೆ ಮೊಳೆಗಳು ಶುರುವಾದವು. ಅಂಗಿಯ ಜೇಬಿನಿಂದ, ಪ್ಯಾಂಟಿನ ಮಡಿಕೆಯಿಂದ, ಟೋಪಿಯ ಒಳಗಿಂದ ಮೊಳೆಗಳು ಬರುತ್ತಲೇ ಇದ್ದವು. ಯಂತ್ರದವನು ಕೊನೆಗೆ ಅವನ ಬಟ್ಟೆಗಳನ್ನೆಲ್ಲ ಬಿಚ್ಚಿಸಿ ಹಿಂದಿನಿಂದ ಕಟ್ಟುವ ಒಂದು ನಿಲುವಂಗಿ ಕೊಟ್ಟ. ಅದರಲ್ಲಿ ಮೇಸ್ತ್ರಿ ಸಿಪ್ಪೆ ಸುಲಿದ ದಿಮ್ಮಿಯ ಹಾಗೆ ಕಾಣುತ್ತಿದ್ದ. ಒಳಗೆ ಹೋಗುವಾಗ ನಗುತ್ತಿದ್ದವನು ಹೊರಗೆ ಬಂದವನೇ ತಲೆಯೆತ್ತದೆ ತನ್ನ ಮೊಳೆಗಳನ್ನು ಎಣಿಸತೊಡಗಿದ. ಹೇಗಿತ್ತೆಂದು ಕೇಳಿದ್ದಕ್ಕೆ, "ಇಕ್ಕಟ್ಟು," ಎಂದಷ್ಟೇ ಹೇಳಿದ.

ಇನ್ನು ಗೆರೆಯಪ್ಪ. ಡಾಕ್ಟರಮ್ಮ ಬಂದು ಅವನ ಮುಖ ನೋಡಿದ ಕೂಡಲೇ ಅರ್ಥ ಮಾಡಿಕೊಂಡರು. ಚಿಕ್ಕ ವಯಸ್ಸಿನವರು, ತಾವೇ ಊಟ ಮಾಡಿರದಂತೆ ಕಾಣುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತು, "ಬರಲಿಲ್ಲ ಅಲ್ವಾ. ಹೋಗಲಿ ಬಿಡಿ, ಅದಕ್ಕೆ ನೀವೇನು ಮಾಡೋಕಾಗತ್ತೆ. ಮೊದಲು ಏನಾದರೂ ತಿಂದು ಮನೆಗೆ ಹೋಗಿ. ನೀವು ಹೇಳಿದ್ದನ್ನ ನಾನಂತೂ ನಂಬಿದ್ದೀನಿ," ಎಂದರು.

ಹೋಗಲಿ ಬಿಡಿ ಎಂಬ ಮಾತಿಗೆ ಗೆರೆಯಪ್ಪನೊಳಗೆ ಬೆಳಗಿನಿಂದ ಎಳೆದು ಕಟ್ಟಿದ್ದ ದಾರವೊಂದು ಸಡಿಲಾಯಿತು. ಗೋಡೆಗೆ ಒರಗಿ ಉಸಿರು ಬಿಟ್ಟ. ಆಗ ನೆಲದ ಬಿಳಿ ಹಾಸಿನ ಮೂಲೆಯಲ್ಲಿ ಏನೋ ಮಿನುಗಿತು. ಕಣ್ಣುಜ್ಜಿಕೊಂಡು ನೋಡಿದ. ಸಣ್ಣದೊಂದು ಗರಗಸದ ಹಲ್ಲು. ನೋಡುತ್ತಿದ್ದಂತೆ ಅದಕ್ಕೆ ಇನ್ನೊಂದು ಹಲ್ಲು ಮೊಳೆಯಿತು. ಡಾಕ್ಟರಮ್ಮನ ಎಡಭುಜ ಮಾಯವಾಯಿತು.

"ಡಾಕ್ಟ್ರಮ್ಮ," ಎಂದ ಅವನು, ಎಷ್ಟೋ ವರ್ಷದ ಮೇಲೆ ನೆಂಟರನ್ನು ಕಂಡವನಂತೆ, "ಬಂತು."

ಅಲ್ಲಿಂದ ಮುಂದೆ ಎಲ್ಲವೂ ಓಟ. ಯಂತ್ರದವನು ಗೇಟು ಮುಚ್ಚಲು ಹೋದವನು ಓಡಿ ಬಂದ. ನರ್ಸು ಬಂದು ಶುಭಾಶಯ ಹೇಳಿದಳು. ಗೆರೆಯಪ್ಪ ಒಂದು ಕೈಯಲ್ಲಿ ತಲೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಎಲ್ಲರಿಗೂ ನಮಸ್ಕಾರ ಮಾಡಿದ. ಉಳಿ ಬಡಿಯುವವನು ಆಗಲೇ ಬಂದು ಕೂತಿದ್ದ.

ಯಂತ್ರದೊಳಗೆ ಮಲಗಿದಾಗ ಅದೂ ಬಡಿಯತೊಡಗಿತು. ಹೊರಗೆ ಡಬಡಬ, ಒಳಗೆ ಟಕಟಕ. ಬೇಡವೆನ್ನಿಸಿದರೆ ಒತ್ತಿ ಎಂದು ಕೈಗೊಂದು ಗುಂಡಿ ಕೊಟ್ಟಿದ್ದರು. ಅವನು ಅದನ್ನು ಒತ್ತಲಿಲ್ಲ. ಅಲುಗಿದರೆ ಗೆರೆ ಕೆಡುತ್ತದೆ ಎಂಬುದು ಅವನ ಕಸುಬು ಕಲಿಸಿದ ಪಾಠ. ಮರದಂತೆ ಮಲಗಿ, ಯಾವ ನೋವಿಗೆ ಪ್ರತಿ ಸಲ ಹೋಗು ಹೋಗು ಎನ್ನುತ್ತಿದ್ದನೋ ಅದಕ್ಕೆ, ಸ್ವಲ್ಪ ಹೊತ್ತು ಇರು, ನಿನ್ನನ್ನೊಮ್ಮೆ ನಾಲ್ಕು ಜನ ನೋಡಲಿ ಎಂದು ಬೇಡಿಕೊಂಡ. ನೋವು ಅವನ ಮಾತು ನಡೆಸಿಕೊಟ್ಟಿತು.

ಹೊರಗೆ ಬಂದಾಗ ನಿಲ್ಲಲು ಆಗುತ್ತಿರಲಿಲ್ಲ. ಆದರೂ ಚಿತ್ರ ನೋಡದೆ ಹೋಗುವುದಿಲ್ಲವೆಂದ. ದೀಪ ಆರಿಸಿದ ಕೋಣೆಯಲ್ಲಿ ಅವನನ್ನೂ ಮೇಸ್ತ್ರಿಯನ್ನೂ ಕೂರಿಸಿ ಡಾಕ್ಟರಮ್ಮ ಪರದೆ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕೊಂಬೆರೆಂಬೆಗಳು ಹರಡಿದ್ದವು, ಎಲೆ ಉದುರಿದ ಮರದ ಹಾಗೆ. ಗೆರೆಯಪ್ಪ ಒಂದು ಕಣ್ಣು ಮುಚ್ಚಿಕೊಂಡು ನೋಡಿದ. ನೋಯುತ್ತಿರುವ ಎಡಗಡೆ, ನೋಯದ ಬಲಗಡೆ, ನೋವಿಲ್ಲದ ದಿನದ ಚಿತ್ರ. ಮೂರರ ಮೇಲೂ ಮನಸ್ಸಿನಲ್ಲೇ ದಾರ ಹಿಡಿದ. ಅವನ ಕಣ್ಣು ತಪ್ಪುವ ಕಣ್ಣಲ್ಲ.

"ಎಲ್ಲ ಒಂದೇ ಥರ ಇದೆ," ಎಂದ.

"ಹೌದು," ಎಂದರು ಡಾಕ್ಟರಮ್ಮ. ಅವರ ಮುಖ ಅರಳಿತ್ತು. "ನಾಳ ಹಿಗ್ಗೋದರಿಂದ್ಲೇ ನೋಯತ್ತೆ ಅಂತ ಇಷ್ಟು ಕಾಲ ಹೇಳ್ಕೊಂಡು ಬಂದಿದ್ದಾರೆ. ನಿಮಗೆ ಇಷ್ಟು ನೋವಿದೆ, ನಾಳ ಒಂಚೂರೂ ಹಿಗ್ಗಿಲ್ಲ. ನೋವು ನಿಜ, ಅದರ ಬೇರು ಬೇರೆ ಕಡೆ ಇದೆ ಅಂತಾಯ್ತು. ನನಗೆ ಬೇಕಾಗಿದ್ದೇ ಇದು. ನಿಮ್ಮ ಉಪಕಾರ ಮರೆಯಲ್ಲ."

"ಅಂದ್ರೆ," ಎಂದು ಮೇಸ್ತ್ರಿ ಕತ್ತಲಲ್ಲಿ ಬಾಯಿಬಿಟ್ಟ, "ಇವನ ತಲೆಯಲ್ಲಿ ಏನೂ ಕಾಣಿಸಲ್ಲ."

"ಈ ಚಿತ್ರದಲ್ಲಿ ಕಾಣಿಸಲ್ಲ," ಎಂದು ಅವರು ತಿದ್ದಿದರು. ಮೇಸ್ತ್ರಿಗೆ ಬೇಕಾದಷ್ಟು ಕೇಳಿಸಿಯಾಗಿತ್ತು. ಅವನು ಸಮಾಧಾನವಾಗಿ ಕೈಕಟ್ಟಿಕೊಂಡು, ಹಾಗಾದರೆ ತನ್ನದನ್ನೂ ತೋರಿಸಿ, ಗಟ್ಟಿ ತಲೆ ಹೇಗಿರುತ್ತದೆಂದು ಇವನೂ ನೋಡಲಿ ಎಂದ.

ಡಾಕ್ಟರಮ್ಮ ತೋರಿಸಿದರು. ಬಲಗಡೆಯ ಒಂದು ನಾಳ ಎಡಗಡೆಯದಕ್ಕಿಂತ ಅಗಲವಾಗಿತ್ತು. ಗೆರೆಯಪ್ಪ ಹೇಳುವುದೇ ಬೇಕಾಗಿರಲಿಲ್ಲ, ಯಾರಿಗಾದರೂ ಕಾಣುವಷ್ಟು. ಹುಟ್ಟಿನಿಂದ ಹಾಗಿರುತ್ತದೆ, ಎಷ್ಟೋ ಜನಕ್ಕೆ ಹಾಗಿರುತ್ತದೆ, ಅದರಿಂದ ಏನೂ ಆಗುವುದಿಲ್ಲ, ಹೆದರಬೇಡಿ ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಹೆದರಬೇಡಿ ಎಂದ ಮೇಲೆ ಮೇಸ್ತ್ರಿಗೆ ಬೇರೇನೂ ಕಿವಿಗೆ ಬೀಳಲಿಲ್ಲ. ಅವನ ಬಲಗೈ ತಾನಾಗಿ ಎದ್ದು ಕಿವಿಯ ಮೇಲಿನ ಜಾಗವನ್ನು ಮುಚ್ಚಿಕೊಂಡಿತು.

ಬಸ್ಸಿನಲ್ಲಿ ಮೇಸ್ತ್ರಿ ಕಿಟಕಿಯ ಪಕ್ಕ ಕೂತು, ಗಾಳಿ ಬಡಿಯುತ್ತದೆಂದು ಗಾಜು ಎಳೆಸಿದ. ಕುಲುಕಿದಾಗಲೆಲ್ಲ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ, ತುಂಬಿದ ಹಾಲಿನ ಪಾತ್ರೆ ಹಿಡಿದವರ ಹಾಗೆ. ಅವನಿಗೆ ಒರಗಲು ಜಾಗವಾಗಲೆಂದು ಗೆರೆಯಪ್ಪ ಎದ್ದು ಕಂಬಿ ಹಿಡಿದು ನಿಂತ. ಹೊರಡುವಾಗ ಡಾಕ್ಟರಮ್ಮ ನುಂಗಿಸಿದ್ದ ಮಾತ್ರೆ ಇನ್ನೂ ಕೆಲಸ ಶುರುಮಾಡಿರಲಿಲ್ಲ. ಉಳಿಯವನು ಮಾತ್ರ ಬಿಡುವಿಲ್ಲದೆ ನಡೆಸಿದ್ದ. ಮಿಲ್ಲಿನ ಗೇಟಿನಲ್ಲಿ ಕಾಯುತ್ತಿದ್ದವರಿಗೆ ಮೇಸ್ತ್ರಿ ಒಂದೇ ಮಾತು ಹೇಳಿದ, ಅದರಲ್ಲಿ ಸುಳ್ಳೇನೂ ಇರಲಿಲ್ಲ: "ಅವನ ತಲೆ ಸರಿಯಾಗಿದೆ. ನನ್ನದೇ ಸರಿಯಿಲ್ಲ."

ಗೆರೆಯಪ್ಪ ಮನೆಗೆ ಬಂದು ಕತ್ತಲೆ ಕೋಣೆ ಸೇರಬೇಕೆನ್ನುವಷ್ಟರಲ್ಲಿ ಸುದ್ದಿ ಅವನ ಹೆಂಡತಿಗೆ ಮುಟ್ಟಿಯಾಗಿತ್ತು. ಅಣ್ಣನಿಗೆ ಹೀಗಾಗಿರುವಾಗ ಮಲಗುವುದು ಚೆನ್ನಾಗಿರುವುದಿಲ್ಲವೆಂದು ಅವಳು ಅವನ ಕೈಗೆ ಬಿಸಿ ಹಾಲಿನ ಪಾತ್ರೆ ಕೊಟ್ಟು, ತಾನೂ ಹೊರಟಳು.

ಮೇಸ್ತ್ರಿಯ ಮನೆಯಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಬಿಟ್ಟಿದ್ದರು. ಮಂಚದ ಮೇಲೆ ಮೇಸ್ತ್ರಿ, ಹಣೆಗೆ ಒದ್ದೆ ಬಟ್ಟೆ, ಕಾಲ ಬಳಿ ಅವನ ಹೆಂಡತಿ. ದರ್ಜಿ ತುದಿಗಾಲಲ್ಲಿ ಓಡಾಡುತ್ತಿದ್ದ. ಯಜಮಾನರೇ ಬಂದು ಕುರ್ಚಿಯಲ್ಲಿ ಕೂತಿದ್ದರು. ನಾಳ ಅಗಲವಾಗಿರುವುದನ್ನು ಇನ್ನೊಬ್ಬರೂ ಕಣ್ಣಾರೆ ನೋಡಿದ್ದಾರೆಯೇ ಎಂದು ಅವರು ಕೇಳಿದಾಗ ಗೆರೆಯಪ್ಪ, ಹೌದು, ನೋಡಿದೆ ಎಂದು ಇದ್ದದ್ದನ್ನೇ ಹೇಳಿದ. ಅದರಿಂದ ಏನೂ ಆಗುವುದಿಲ್ಲವಂತೆ ಎಂದೂ ಸೇರಿಸಿದ. ಡಾಕ್ಟರು ರೋಗಿಯ ಮುಂದೆ ಹಾಗೆ ಹೇಳದೆ ಇನ್ನು ಹೇಗೆ ಹೇಳುತ್ತಾರೆ ಎಂದರು ಯಜಮಾನರು. ಆಮೇಲೆ ಮಂಚದ ಕಡೆಗೆ ಬಾಗಿ, ಗೆರೆಯಪ್ಪನನ್ನು ಯಾರೂ ಎಂದೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು.

"ಹೇಗಾಗತ್ತೆ ಮೇಸ್ತ್ರಿ? ಸ್ವಲ್ಪ ಹೇಳು."

ಮೇಸ್ತ್ರಿ ಸುಳ್ಳುಗಾರನಲ್ಲ. ಅವನು ಹೆದರಿದ್ದ, ಅಷ್ಟೇ. ತಲೆನೋವು ಎಂದರೆ ಹೇಗಿರುತ್ತದೆಂದು ಅವನಿಗೆ ನಿಜವಾಗಿಯೂ ತಿಳಿಯದು. ಕಣ್ಣು ತೆರೆದು, ನೀರಿನಲ್ಲಿ ಮುಳುಗುವವನು ದಡ ನೋಡುವಂತೆ ಗೆರೆಯಪ್ಪನ ಕಡೆ ನೋಡಿದ. "ನನಗೆ ಹೇಳೋಕೆ ಬರಲ್ಲ ಯಜಮಾನ್ರೇ. ಇವನಿಗೆ ಹೇಳೋಕೆ ಬರತ್ತೆ."

ಗೆರೆಯಪ್ಪ ಸುಮ್ಮನಿರಬಹುದಿತ್ತು. ಆದರೆ ಪ್ರಶ್ನೆ ಕೋಣೆಯ ನಡುವೆ ನಿಂತಿತ್ತು, ಅದಕ್ಕಾಗಿ ಅವನು ಎಷ್ಟೋ ವರ್ಷ ಕಾದಿದ್ದ. ತನ್ನ ನೋವನ್ನೇ ಕೇಳುತ್ತಿದ್ದಾರೆ ಎಂದು ಒಂದು ಗಳಿಗೆ ಅವನಿಗೆ ಅನಿಸಿಬಿಟ್ಟಿತು. ಹಾಲಿನ ಪಾತ್ರೆ ಕೆಳಗಿಟ್ಟು, ಗೋಡೆ ಹಿಡಿದು ನಿಂತು, ಮೆಲ್ಲನೆಯ ದನಿಯಲ್ಲಿ ಹೇಳತೊಡಗಿದ. ಬೆಳಕಿಗೆ ಹಲ್ಲು ಬರುವುದನ್ನು ಹೇಳಿದ. ಎದುರಿಗಿದ್ದವರ ಅರ್ಧ ಮುಖ ಕಳೆದುಹೋಗುವುದನ್ನು, ಉಳಿ ಹಿಡಿದವನು ಅವಸರವಿಲ್ಲದೆ ಬಡಿಯುವುದನ್ನು, ತನ್ನ ಉಸಿರಿನ ಸದ್ದೂ ತನಗೇ ಭಾರವಾಗುವುದನ್ನು ಹೇಳಿದ. ಇದನ್ನು ತೋರಿಸುವುದಕ್ಕೆ ಒಂದು ಗಾಯವಿಲ್ಲವಲ್ಲ ಎಂಬುದು ನೋವಿಗಿಂತ ಹೆಚ್ಚು ನೋಯುತ್ತದೆ ಎಂದೂ ಹೇಳಿದ.

ಮೇಸ್ತ್ರಿಯ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ದರ್ಜಿ ಕಂಬಳಿಯ ಸಂದಿಯನ್ನು ಇನ್ನಷ್ಟು ಮುಚ್ಚಿದ. ಗೆರೆಯಪ್ಪನ ಹೆಂಡತಿಯ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವಳು ಅಣ್ಣನ ಪಾದ ಹಿಡಿದುಕೊಂಡಿದ್ದಳು. ಮೇಸ್ತ್ರಿ ಕಣ್ಣು ಮುಚ್ಚಿ, ಹೌದು ಹೌದೆಂದು ತಲೆಯಾಡಿಸುತ್ತಿದ್ದ. ಕೇಳುತ್ತ ಕೇಳುತ್ತ ಅವನಿಗೂ ಎಲ್ಲೋ ಸ್ವಲ್ಪ ನೋಯಲು ಶುರುವಾದಂತಿತ್ತು.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟೆಲ್ಲ ಅನುಭವಿಸಿಕೊಂಡು ಒಂದು ದಿನಾನೂ ಬಾಯಿ ಬಿಡಲಿಲ್ಲವಲ್ಲ ಈ ಮನುಷ್ಯ," ಎಂದು ಮೇಸ್ತ್ರಿಯ ಭುಜ ಸವರಿದರು. ನಾಳೆಯಿಂದ ಮೇಸ್ತ್ರಿ ನೆರಳಲ್ಲಿ ಕೂತು ಗೆರೆ ಹಾಕಲಿ; ನೋವು ಬಂದರೆ ಹಿಂದಿನ ಕೋಣೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಮಲಗಲಿ, ಯಾರೂ ಸೊಲ್ಲೆತ್ತಬಾರದು ಎಂದರು. ಆಮೇಲೆ ಗೆರೆಯಪ್ಪನ ಕಡೆ ತಿರುಗಿ, ನಿನ್ನ ನಾಳಗಳು ಗಟ್ಟಿಯಾಗಿವೆಯೆಂದು ಡಾಕ್ಟರೇ ಹೇಳಿದ್ದಾರಂತೆ, ಇನ್ನು ದೊಡ್ಡ ಗರಗಸದ ಹತ್ತಿರ ನಿಂತುಕೋ ಎಂದರು.

ಗೆರೆಯಪ್ಪ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಅವನ ತೋಳು ಮುಟ್ಟಿದಳು.

"ರೀ, ಸಾಕು ಮಾತು," ಎಂದು ಪಿಸುಗುಟ್ಟಿದಳು. "ಅಣ್ಣನಿಗೆ ಸದ್ದು ಆಗಲ್ಲ."

ಅವನು ಹೊರಗೆ ಬಂದು ಬಾಗಿಲೆಳೆದುಕೊಂಡ. ಚಿಲಕ ಸದ್ದು ಮಾಡದಂತೆ ಬೆರಳು ಅಡ್ಡವಿಟ್ಟು, ಕೂದಲೆಳೆ ಕೂದಲೆಳೆಯಾಗಿ ಎಳೆದ. ತಲೆ ನೋಯುವವನಿಗೆ ಬಾಗಿಲನ್ನು ಹೇಗೆ ಮುಚ್ಚಬೇಕೆಂದು ಆ ಓಣಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ.